ಬಜ್ಜಿ ಗಾಡಿಯ ಮುಂದೆ ಮೂವರು ಅಧ್ಯಕ್ಷರು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ನೀರಿನ ಟ್ಯಾಂಕಿನ ಮೇಲೆ ಕೂತಿರುವ ರೆಕ್ಕೆಯ ಆನೆಯ ಬಗ್ಗೆ. ಅದು ಗಾಣಿಗರ ಬೀದಿಯವರ ಕೆಲಸ ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಯಾವುದೋ ವಿಡಿಯೊದಲ್ಲಿ ಕೂರಿಸಿದರು, ನಾಲ್ಕು ಜನ ನೋಡಿದರು, ಆನೆ ಟ್ಯಾಂಕಿನ ಮೇಲೆಯೇ ಉಳಿಯಿತು. ನಮ್ಮಲ್ಲಿ ಹಾಗೆಯೇ. ಊರೊಳಗೆ ತೆಗೆದ ವಿಡಿಯೊದಲ್ಲಿ ಏನು ಎಫೆಕ್ಟು ಹಾಕಿದರೂ ಅದು ಊರಿಗೆ ಬಂದು ತಳವೂರುತ್ತದೆ. ಆನೆ ಮೇಯುವುದಿಲ್ಲ, ಲದ್ದಿ ಹಾಕುವುದಿಲ್ಲ, ಆಗಾಗ ರೆಕ್ಕೆ ಬಡಿಯುತ್ತದೆ, ಆದರೆ ಗಾಳಿ ಬರುವುದಿಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ನೀರಿಗೆ ನಿಂತ ಹೆಂಗಸರಿಗೆ ಅದೊಂದೇ ಬೇಜಾರು.

ನನ್ನ ತಲೆಯ ಹಿಂದೆಯೂ ಒಂದು ಪ್ರಭಾವಳಿ ಇದೆ. ನನ್ನ ಹುಟ್ಟುಹಬ್ಬಕ್ಕೆಂದು ಬಾವಮೈದುನ ಮಾಡಿದ ವಿಡಿಯೊದ ಫಲ. ನಾನು ದೇವರೂ ಅಲ್ಲ, ಸಂತನೂ ಅಲ್ಲ. ಪುರಸಭೆ ಕಚೇರಿಯ ಎದುರಿಗೆ ಅಂಗಡಿ ಇಟ್ಟುಕೊಂಡಿರುವ ಟೈಲರು. ಮೊದಮೊದಲು ಬೀದಿಗೆ ಬರಲು ನಾಚಿಕೆಯಾಗುತ್ತಿತ್ತು. ಈಗ ಕರೆಂಟು ಹೋದಾಗ ಕಾಜಾ ಹೊಲಿಯಲು ಅನುಕೂಲವೇ ಆಗಿದೆ. ನನಗಿಂತ ಕಷ್ಟದಲ್ಲಿರುವವರಿದ್ದಾರೆ. ಮದುವೆ ವಿಡಿಯೊದಲ್ಲಿ ಹಿಮದ ಬೆಟ್ಟದ ಮೇಲೆ ನಿಲ್ಲಬೇಕೆಂದು ಆಸೆಪಟ್ಟ ಒಂದು ಜೋಡಿಗೆ, ಹಸಿರು ಪರದೆಯ ಅಂಚನ್ನು ಸರಿಯಾಗಿ ಕತ್ತರಿಸದೆ ಯಾರೋ ಕೈ ತೊಳೆದುಕೊಂಡರು. ಎರಡು ಮಕ್ಕಳಾದರೂ ಆ ಗಂಡ ಹೆಂಡತಿ ಮೈಸುತ್ತ ಹಸಿರು ಗೆರೆ ಹೊತ್ತುಕೊಂಡೇ ಸಂತೆಗೆ ಬರುತ್ತಾರೆ. ಅಂದಿನಿಂದ ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮುಂಚೆ ವಿಡಿಯೊ ಯಾರ ಕೈಲಿ ಮಾಡಿಸುತ್ತೀರಿ ಎಂದು ಕೇಳುತ್ತಾರೆ.

ಹಾಕಿದ್ದನ್ನು ತೆಗೆಯುವುದಕ್ಕೂ ದಾರಿಯಿದೆ. ಎಫೆಕ್ಟು ಹಾಕುವ ಮುಂಚಿನ ಮೂಲ ವಿಡಿಯೊ ಕೈಯಲ್ಲಿರಬೇಕು, ಅದನ್ನು ಮತ್ತೆ ಜನಕ್ಕೆ ತೋರಿಸಬೇಕು. ಮೂಲವನ್ನು ಜೋಪಾನ ಮಾಡುವವರು ಯಾರಿದ್ದಾರೆ? ಫೋನಿನಲ್ಲಿ ಜಾಗ ಸಾಲದೆಂದು ಎಲ್ಲರೂ ಅಳಿಸಿಬಿಡುತ್ತಾರೆ. ಬಸ್ ನಿಲ್ದಾಣದ ಶೌಚಾಲಯದ ಮೇಲೆ ಅರಮನೆ ಕೂರಿಸಿದವರೂ ಹಾಗೆಯೇ ಮಾಡಿದರು. ಈಗ ಅಲ್ಲಿ ಚಿನ್ನದ ಗೋಪುರಗಳು ಹೊಳೆಯುತ್ತವೆ, ಒಳಗೆ ಹೋಗಲು ಆಗುವುದಿಲ್ಲ. ಕೈ ಇಟ್ಟರೆ ಕೈ ಗೋಡೆಯನ್ನು ದಾಟಿ ಆಚೆಗೆ ಬರುತ್ತದೆ, ನಡುವೆ ಶೌಚಾಲಯ ಸಿಗುವುದಿಲ್ಲ. ಮೇಲೆ ಎಫೆಕ್ಟು ಕೂತರೆ ಕೆಳಗಿನದು ಕಣ್ಣಿಗೂ ಇಲ್ಲ, ಕೈಗೂ ಇಲ್ಲ. ವಾಸನೆ ಮತ್ತು ಸದ್ದು ಮಾತ್ರ ಹೊರಗೆ ಬರುತ್ತವೆ. ಮುಚ್ಚುವಾಗ ಒಳಗೆ ಯಾರೂ ಇರಲಿಲ್ಲ ಎಂದು ಪುರಸಭೆ ಹೇಳಿತು, ನಾವು ನಂಬಿದೆವು.

ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ತಾರಾಮಣಿ ಮತ್ತು ಅವಳ ತಾಯಿ ಚೆನ್ನಾಜಮ್ಮ ವಾಸವಾಗಿದ್ದಾರೆ. ಚೆನ್ನಾಜಮ್ಮ ಪುರಸಭೆಯ ಗೇಟಿನ ಪಕ್ಕ ಗಾಡಿ ನಿಲ್ಲಿಸಿಕೊಂಡು ಮೆಣಸಿನಕಾಯಿ ಬಜ್ಜಿ ಕರಿಯುತ್ತಾಳೆ. ತಾರಾಮಣಿ ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು ಊರಿನವರ ವಿಡಿಯೊಗಳಿಗೆ ಬೇಕಾದ್ದನ್ನೆಲ್ಲ ಕೂರಿಸಿಕೊಡುತ್ತಾಳೆ. ಅವಳಷ್ಟು ನಾಜೂಕಾಗಿ ಕೆಲಸ ಮಾಡುವವರು ಸುತ್ತಮುತ್ತ ಯಾರೂ ಇಲ್ಲ. ಸೇತುವೆಯ ಮೇಲೆ ಅವಳು ಹಾರಿಸಿದ ಹಕ್ಕಿಗಳ ಹಿಂಡಿಗೆ ನೆರಳೂ ಇದೆ. ಅವಳು ನೂರು ಸಲ ನೋಡಿ ಒಪ್ಪಿಗೆಯಾದ ಮೇಲೆಯೇ ವಿಡಿಯೊ ಹೊರಗೆ ಬಿಡುವವಳು. ಊರಿಗೆ ಒಂದು ವಸ್ತು ಸೇರಿಸುತ್ತಿದ್ದೇನೆ ಎಂಬ ಭಯ ಇದ್ದದ್ದು ಅವಳೊಬ್ಬಳಿಗೇ.

ಸುಂದರ ಪಟ್ಟಣಗಳಿಗೆ ಬಹುಮಾನ ಕೊಡುವ ಒಂದು ಸ್ಪರ್ಧೆ ಬಂದಾಗ ಪುರಸಭೆಯ ಅಧ್ಯಕ್ಷರಾದ ಕಪನೀಪತಿಯವರು ತಾರಾಮಣಿಯನ್ನು ಹುಡುಕಿಕೊಂಡು ನನ್ನ ಅಂಗಡಿಗೇ ಬಂದರು. ಸ್ಪರ್ಧೆಗೆ ಒಂದು ವಿಡಿಯೊ ಕಳಿಸಬೇಕಿತ್ತು. ಅಧ್ಯಕ್ಷರು ಕಚೇರಿಯ ಮುಂದೆ ಕೈಮುಗಿದು ನಿಂತಿರಬೇಕು, ಹಿಂದೆ ಕಟ್ಟಡ ಕಾಣಬೇಕು, ಗೇಟಿನ ಪಕ್ಕದ ಗಾಡಿಗಳು ಕಾಣಬಾರದು.

"ನೋಡಮ್ಮ, ನೀನು ಆನೆ ಹುಲಿ ಎಲ್ಲಾ ಕೂರಿಸ್ತೀಯ. ಒಂದು ಗಾಡಿ ಸಾಲು ತೆಗೆಯೋದು ನಿನಗೆ ಯಾವ ಮಹಾ ಕೆಲಸ?" ಎಂದರು.

"ಸಾರ್, ಗಾಡಿಯವರಿಗೆ ಹೇಳಿ, ಒಂದು ಗಳಿಗೆ ಪಕ್ಕಕ್ಕೆ ಹೋಗ್ತಾರೆ. ನೀವು ವಿಡಿಯೊ ತಕ್ಕೊಳ್ಳಿ. ಎಫೆಕ್ಟೇ ಬೇಡ," ಎಂದಳು ತಾರಾಮಣಿ.

"ಹೋಗೋರು ಹೋಗ್ತಾರೆ. ವಾಪಸ್ ಬರ್ತಾರಲ್ಲ, ಅದೇ ತೊಂದರೆ," ಎಂದರು ಅಧ್ಯಕ್ಷರು. ನಿಜವಾದ ಆಸೆ ಆಗ ಬಾಯಿಗೆ ಬಂತು.

ತಾರಾಮಣಿ ಆಗುವುದಿಲ್ಲ ಎಂದಳು. ಆ ಸಾಲಿನಲ್ಲಿ ನಮ್ಮವ್ವನೂ ಇದ್ದಾಳೆ ಎಂದು ಬಾಯಿಬಿಟ್ಟು ಹೇಳಿದಳು. ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡು ಎದ್ದು, ನೇರವಾಗಿ ಫಣೀಂದ್ರನ ಸ್ಟುಡಿಯೊಗೆ ಹೋದರು. ಹಿಮದ ಬೆಟ್ಟದ ಜೋಡಿಗೆ ಹಸಿರು ಗೆರೆ ದಯಪಾಲಿಸಿದವನು ಇದೇ ಫಣೀಂದ್ರ. ಅವನಿಗೆ ಕೆಲಸ ಬಾರದು ಎಂಬುದು ಊರಿಗೆಲ್ಲ ಗೊತ್ತು. ಆದರೆ ಅವನು ಯಾರಿಗೂ ಇಲ್ಲ ಎನ್ನುವುದಿಲ್ಲ, ಕೇಳಿದ ದಿನವೇ ಮಾಡಿಕೊಡುತ್ತಾನೆ, ಹಾಗಾಗಿ ಊರಿನ ಅರ್ಧ ಅವನದೇ ಕೈಕೆಲಸ.

ಮಾರನೆಯ ದಿನ ಊಟದ ಹೊತ್ತಿಗೆ ಅಧ್ಯಕ್ಷರ ಫೋನಿನಲ್ಲಿಯೇ ಚಿತ್ರೀಕರಣ ನಡೆಯಿತು. ಉಳಿದ ಗಾಡಿಯವರು ಗಾಳಿ ಬೀಸಿದ ದಿಕ್ಕು ತಿಳಿದು ಮೊದಲೇ ಜಾಗ ಖಾಲಿ ಮಾಡಿದ್ದರು. ಚೆನ್ನಾಜಮ್ಮ ಕದಲಲಿಲ್ಲ. ಬಾಣಲೆ ಒಲೆಯ ಮೇಲಿತ್ತು. "ಕಾದ ಎಣ್ಣೆ ಬಿಟ್ಟು ಎಲ್ಲಿಗೆ ಹೋಗ್ಲಿ? ಈ ಒಬ್ಬೆ ಬಜ್ಜಿ ತೆಗೆದು ಬರ್ತೀನಿ ಇರ್ರಿ," ಎಂದಳು. ಕಪನೀಪತಿಯವರು ಅವಳ ಪಕ್ಕದಲ್ಲೇ ಕೈಮುಗಿದು ನಿಂತು ನಕ್ಕರು. ವಿಡಿಯೊ ಮುಗಿಯಿತು, ಒಬ್ಬೆ ಮುಗಿದಿರಲಿಲ್ಲ.

ಒಂದು ವಸ್ತುವನ್ನು ಮುಚ್ಚಬೇಕಾದರೆ ಅದರ ಪಕ್ಕದಲ್ಲಿರುವುದನ್ನು ನಕಲು ಮಾಡಿ ಮೇಲೆ ಅಂಟಿಸುವುದು ಈ ಕಸುಬಿನವರ ರೂಢಿ. ಗೋಡೆಯ ಪಕ್ಕ ಗೋಡೆ, ನೆಲದ ಪಕ್ಕ ನೆಲ. ಫಣೀಂದ್ರ ನೋಡಿದ. ಬಜ್ಜಿ ಗಾಡಿಯ ಎಡಕ್ಕೆ ತೆರೆದ ಚರಂಡಿ, ಬಲಕ್ಕೆ ಅಧ್ಯಕ್ಷರು. ಸುಂದರ ಪಟ್ಟಣದ ವಿಡಿಯೊದಲ್ಲಿ ಚರಂಡಿಯನ್ನು ಎರಡು ಮಾಡುವಷ್ಟು ದಡ್ಡ ಅವನಲ್ಲ. ಅಧ್ಯಕ್ಷರನ್ನೇ ನಕಲು ಮಾಡಿ ಅಂಟಿಸಿದ. ಗಾಡಿ ಅಗಲವಾಗಿತ್ತು, ಒಬ್ಬ ಅಧ್ಯಕ್ಷರು ಸಾಲಲಿಲ್ಲ, ಮೂವರನ್ನು ಭುಜಕ್ಕೆ ಭುಜ ಸೇರಿಸಿ ನಿಲ್ಲಿಸಿದ. ಕಪನೀಪತಿಯವರು ವಿಡಿಯೊವನ್ನು ಎರಡೆರಡು ಸಲ ನೋಡಿದರು. ತಾವು ನಾಲ್ಕು ಜನ ಇರುವುದರಲ್ಲಿ ಅವರಿಗೆ ಯಾವ ತಪ್ಪೂ ಕಾಣಲಿಲ್ಲ. ಸ್ಪರ್ಧೆಗೆ ಕಳಿಸಿ, ಊರಿನವರ ಫೋನುಗಳಿಗೂ ಬಿಟ್ಟರು.

ಸಂಜೆ ನಾನು ಅಂಗಡಿಯಲ್ಲಿ ಕೂತು ನೋಡುತ್ತಿದ್ದಂತೆಯೇ ಗಾಡಿ ಹೋಯಿತು, ಚೆನ್ನಾಜಮ್ಮ ಹೋದಳು. ಆ ಜಾಗದಲ್ಲಿ ಬಿಳಿ ಅಂಗಿಯ ಮೂವರು ಅಧ್ಯಕ್ಷರು ಕೈಮುಗಿದು ನಗುತ್ತ ನಿಂತಿದ್ದರು. ಅವರ ಹಿಂದಿನಿಂದ ಬಜ್ಜಿಯ ವಾಸನೆ ಬರುತ್ತಿತ್ತು. ಆಮೇಲೆ ಧ್ವನಿ ಬಂತು.

"ಯಾರ್ರಪ್ಪಾ ಅದು ಗಾಡಿ ಮುಂದೆ ನಿಂತಿರೋರು? ಬಜ್ಜಿ ಬೇಕಾದ್ರೆ ಹೇಳಿ, ಬ್ಯಾಡದಿದ್ರೆ ಸರ್ಕೊಳ್ಳಿ."

ತಾರಾಮಣಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದಳು. ನಡುವಿನ ಅಧ್ಯಕ್ಷರ ಹೊಟ್ಟೆಯೊಳಗೆ ಎರಡೂ ಕೈ ತೂರಿಸಿದಳು. ಕೈಗಳು ಅವರ ಬೆನ್ನಿನ ಆಚೆ ಹೊರಬಂದವು, ನಡುವೆ ಏನೂ ಸಿಗಲಿಲ್ಲ. ಅವ್ವಾ, ಅವ್ವಾ ಎಂದು ಕೂಗಿದಳು. ಹೊರಗಿನ ಕೂಗು ಒಳಗೆ ಹೋಗಲಿಲ್ಲ. ಚೆನ್ನಾಜಮ್ಮ ತನ್ನ ಪಾಡಿಗೆ ತಾನು ಬೈಯುತ್ತಲೇ ಇದ್ದಳು: "ಯಾವ ಕಡೆ ತಿರುಗಿದ್ರೂ ಬೆನ್ನೇ ಅಡ್ಡ ಬರ್ತದಲ್ಲಾ, ಏನು ಬೆನ್ನೋ ಇವು." ಆ ಹುಡುಗಿ ಮಣ್ಣಿನಲ್ಲಿ ಕೂತು ಅತ್ತಳು.

ಮೊದಲು ಫಣೀಂದ್ರನ ಬಳಿ ಹೋದಳು. ನಾನೂ ಜೊತೆಗೆ ಹೋದೆ. ಅವನು ಟೀ ತರಿಸಿದ. "ನನ್ನ ಹತ್ರ ಮೂಲ ಇಲ್ಲಮ್ಮ, ಕೆಲಸ ಮುಗಿದ ಮೇಲೆ ಅಳಿಸಿಬಿಡ್ತೀನಿ. ಅಧ್ಯಕ್ಷರ ಫೋನಲ್ಲಿ ಇರಬೇಕು," ಎಂದು ಹೇಳಿ, "ಅಂಚು ಹೆಂಗೆ ಬಂದಿದೆ? ಈ ಸಲ ಹಸಿರು ಇಲ್ಲ ಅಲ್ವಾ?" ಎಂದು ಕೇಳಿದ. ಅವಳು ಟೀ ಮುಟ್ಟದೆ ಎದ್ದಳು.

ಪೊಲೀಸ್ ಠಾಣೆಯವರು, ಕಾಣೆಯಾದವರ ದೂರು ಬರೆದುಕೊಳ್ಳಬೇಕಾದರೆ ಮನುಷ್ಯರು ಎಲ್ಲಿದ್ದಾರೆಂದು ಗೊತ್ತಿರಬಾರದು, ನಿಮ್ಮ ತಾಯಿ ಎಲ್ಲಿದ್ದಾರೆಂದು ಊರಿಗೇ ಗೊತ್ತಿದೆಯಲ್ಲ ಎಂದರು. ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಕಪನೀಪತಿಯವರು ಕಚೇರಿಯಲ್ಲಿ ಒಳ್ಳೆಯ ಹುಮ್ಮಸ್ಸಿನಲ್ಲಿದ್ದರು. ಸ್ಪರ್ಧೆಗೆ ವಿಡಿಯೊ ಹೋಗಿತ್ತು. "ನಿಮ್ಮವ್ವ ಎಲ್ಲಿಗೂ ಹೋಗಿಲ್ಲವಲ್ಲಮ್ಮ, ಅಲ್ಲೇ ಇದ್ದಾರೆ. ಬಿಸಿಲು ಬೀಳಲ್ಲ, ಮಳೆ ಬೀಳಲ್ಲ. ಫಲಿತಾಂಶ ಬರಲಿ, ಆಮೇಲೆ ಮೂಲ ಹುಡುಕೋಣ," ಎಂದರು.

"ಒಳಗೆ ಗ್ಯಾಸ್ ಮುಗಿದ್ರೆ? ನೀರು ಮುಗಿದ್ರೆ?"

"ಮುಗಿಯೋ ಅಷ್ಟರಲ್ಲಿ ಫಲಿತಾಂಶ ಬರುತ್ತೆ ಬಿಡು."

ಊರು ಮಾತ್ರ ಬೇಗ ಒಗ್ಗಿಕೊಂಡಿತು. ನಿಜವಾದ ಅಧ್ಯಕ್ಷರು ಕೈಗೆ ಸಿಗುವುದು ಅಪರೂಪ, ಈ ಮೂವರು ಬೆಳಗಿನಿಂದ ಸಂಜೆಯವರೆಗೆ ನಿಂತಲ್ಲೇ ಇದ್ದರು. ನಲ್ಲಿ ಬಾರದವರು, ಬೀದಿದೀಪ ಕೆಟ್ಟವರು ಎಲ್ಲರೂ ಅವರ ಮುಂದೆಯೇ ಬಂದು ಕಷ್ಟ ಹೇಳಿಕೊಳ್ಳತೊಡಗಿದರು. ಮೂವರೂ ಕೈಮುಗಿದು ನಗುತ್ತಲೇ ಕೇಳುತ್ತಿದ್ದರು. ಇಷ್ಟು ತಾಳ್ಮೆಯಿಂದ ಪುರಸಭೆ ತಮ್ಮ ಮಾತು ಎಂದೂ ಕೇಳಿರಲಿಲ್ಲವೆಂದು ಜನ ಸಂತೋಷಪಟ್ಟು ಮನೆಗೆ ಹೋದರು. ಕೆಲಸ ಆಗಲಿಲ್ಲ, ಅದು ಮುಂಚೆಯೂ ಆಗುತ್ತಿರಲಿಲ್ಲ. ನಡುನಡುವೆ ಚೆನ್ನಾಜಮ್ಮನ ಬೈಗುಳ ಕೇಳಿಸಿದರೆ, ಪರವಾಗಿಲ್ಲ, ಫಣೀಂದ್ರ ಈ ಸಲ ಸೌಂಡು ಚೆನ್ನಾಗಿ ಕೂರಿಸಿದ್ದಾನೆ ಎಂದು ತಲೆದೂಗುತ್ತಿದ್ದರು. ಅದು ಸೌಂಡಲ್ಲ, ನಮ್ಮವ್ವ ಎಂದು ತಾರಾಮಣಿ ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳಿದಳು. ಅವರು ಅವಳ ಕೈ ಹಿಡಿದು, ಇನ್ನೂ ಚೆನ್ನಾಯಿತು ಎಂದರು.

ಒಂದು ಬೆಳಿಗ್ಗೆ ಕರಿಯುವ ಸದ್ದು ನಿಂತಿತು. "ಗ್ಯಾಸೂ ಆಯ್ತು," ಎಂಬ ಮಾತು ಕೇಳಿಸಿತು. ಅಂದಿನಿಂದ ಚೆನ್ನಾಜಮ್ಮ ಬೈಯುವುದನ್ನು ಬಿಟ್ಟು ಬೇಡತೊಡಗಿದಳು. ಅವಳು ಬೇಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಸರ್ಕೊಳ್ರಪ್ಪಾ, ನನ್ನ ಮಗಳು ಕಾಯ್ತಿರ್ತಾಳೆ, ಒಂಚೂರು ದಾರಿ ಬಿಡ್ರಪ್ಪಾ. ದಿನದಿಂದ ದಿನಕ್ಕೆ ಧ್ವನಿ ಒಡೆಯುತ್ತ ಬಂತು. ನಾನು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದೆ.

ತಾಯಿಯನ್ನು ಎಫೆಕ್ಟಿನಲ್ಲಿಯೇ ಕೂರಿಸಿಬಿಡು ಎಂದು ಕೆಲವರು ತಾರಾಮಣಿಗೆ ಬುದ್ಧಿ ಹೇಳಿದರು. ಅವಳ ಕೈಯಲ್ಲಿ ಅದು ಆಗುತ್ತಿತ್ತು. ಚೆನ್ನಾಜಮ್ಮನ ಸೆರಗು, ನೆರಿಗೆ, ಕೈಯ ಎಣ್ಣೆ ಕಲೆ ಎಲ್ಲ ಬರುತ್ತಿತ್ತು. "ಅದು ನನ್ನನ್ನ ಬೈಯಲ್ವಲ್ಲಣ್ಣ," ಎಂದು ಅವಳು ನನ್ನ ಬಳಿ ಹೇಳಿದಳು. ಮತ್ತೆ ಆ ಮಾತೆತ್ತಲಿಲ್ಲ.

ಒಂದು ಮಧ್ಯಾಹ್ನ ಕೆಳಗಿಳಿದು ಬಂದು ನನ್ನ ಸ್ಟೂಲು ಕೇಳಿದಳು. ಅದನ್ನು ಮೂವರು ಅಧ್ಯಕ್ಷರ ಎದುರಿಗಿಟ್ಟು ಅದರ ಮೇಲೆ ಫೋನು ನಿಲ್ಲಿಸಿದಳು. ಏನು ಕೂರಿಸುತ್ತೀಯಮ್ಮ ಎಂದು ಕೇಳಿದೆ.

"ಏನೂ ಕೂರಿಸಲ್ಲ. ಇದ್ದಂಗೇ ಬಿಡ್ತೀನಿ."

ನನಗೆ ಗಾಬರಿಯಾಯಿತು. ನಮ್ಮ ಊರಿನಲ್ಲಿ ಎಫೆಕ್ಟಿಲ್ಲದ ವಿಡಿಯೊ ಹೊರಗೆ ಬಿಡುವುದೆಂದರೆ ಬರಿಮೈಯಲ್ಲಿ ಬೀದಿಗೆ ಬಂದ ಹಾಗೆ. ಅಷ್ಟು ಹೆಸರು ಮಾಡಿದ ಹುಡುಗಿ ಇಷ್ಟು ದಿನದ ಮರ್ಯಾದೆ ಕಳೆದುಕೊಳ್ಳುತ್ತಾಳಲ್ಲ ಎನಿಸಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವರು ಅಧ್ಯಕ್ಷರು ನಗುತ್ತಿದ್ದರು. ಅವರ ಹೊಟ್ಟೆಯೊಳಗಿಂದ ಒಡೆದ ಧ್ವನಿಯೊಂದು ದಾರಿ ಬಿಡ್ರಪ್ಪಾ ಎಂದು ಬೇಡುತ್ತಿತ್ತು. ಜನ ಅವರಿಗೆ ಕೈಮುಗಿದು ಹೋಗುತ್ತಿದ್ದರು. ಅಷ್ಟೇ ವಿಡಿಯೊ. ಕೆಳಗೆ, ಇದು ನಮ್ಮ ತಾಯಿ, ನಿಜವಾಗಿ ಒಳಗೆ ಸಿಕ್ಕಿಕೊಂಡಿದ್ದಾಳೆ, ಅಧ್ಯಕ್ಷರಿಂದ ಮೂಲ ವಿಡಿಯೊ ಕೊಡಿಸಿ ಎಂದು ಬರೆದಳು.

ಅವಳ ಯಾವ ಹಕ್ಕಿಗೂ ಯಾವ ಹುಲಿಗೂ ಸಿಗದ ಮೆಚ್ಚುಗೆ ಅದಕ್ಕೆ ಸಿಕ್ಕಿತು. ಹೊರಗಿನ ಊರುಗಳವರೆಲ್ಲ ನೋಡಿದರು. ಅವಳು ಫೋನು ಹಿಡಿದುಕೊಂಡು ಬಂದು ಒಂದೊಂದನ್ನೇ ನನಗೆ ಓದಿದಳು. ತುಟಿ ಅಲ್ಲಾಡದೆ ಹೊಟ್ಟೆಯಿಂದ ಧ್ವನಿ ತರಿಸಿರುವುದು ಅದ್ಭುತ. ಮೂರೂ ನಕಲುಗಳನ್ನು ಬೇಕೆಂದೇ ಕಳಪೆಯಾಗಿ ಮಾಡಿರುವ ಜಾಣತನ ನೋಡಿ. ಅಜ್ಜಿಗೆ ಧ್ವನಿ ಕೊಟ್ಟ ಕಲಾವಿದೆಗೆ ನಮಸ್ಕಾರ. ಯಾವ ಸಾಫ್ಟ್‌ವೇರು ಅಕ್ಕಾ? ಇನ್ನೊಂದು ಊರಿನ ಮೇಷ್ಟ್ರೊಬ್ಬರು ಇದನ್ನು ಹೇಗೆ ಮಾಡಿದ್ದಾರೆಂದು ಬಾಣದ ಗುರುತು ಹಾಕಿ ವಿವರಿಸುವ ಪಾಠವನ್ನೇ ಬಿಟ್ಟಿದ್ದರು. ಅಳುವ ಧ್ವನಿಯನ್ನು ಒಡೆಯುವಂತೆ ಮಾಡಲು ಯಾವ ಗುಂಡಿ ಒತ್ತಬೇಕೆಂದೂ ಅದರಲ್ಲಿತ್ತು.

"ನಿಜ ಅಂತ ಬರ್ದಿದ್ದೆ ಕಣಣ್ಣ ಕೆಳಗೆ," ಎಂದಳು ತಾರಾಮಣಿ. "ಅದಕ್ಕೂ ಲೈಕ್ ಕೊಟ್ಟವ್ರೆ."

ಅವಳಿಗೆ ಅಳಲೂ ಆಗಲಿಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ, ಅಯ್ಯೋ ಪಾಪ, ಮುದುಕಿಗೆ ಊಟ ಇದೆಯೋ ಇಲ್ಲವೋ ಎಂದು ಕೇಳಿರಲಿಲ್ಲ.

ಮೆಚ್ಚುಗೆಯಿಂದ ಆಗದ ಕೆಲಸ ನಗೆಯಿಂದ ಆಯಿತು. ಹೊಟ್ಟೆಯಲ್ಲಿ ಅಜ್ಜಿ ಇರುವ ಅಧ್ಯಕ್ಷ ಎಂದು ಕಪನೀಪತಿಯವರ ಹೆಸರು ಊರೂರಿಗೆ ಹರಡಿತು. ಅವರು ಒಂದು ಉದ್ಘಾಟನೆಗೆ ಹೋಗಿ ಮೈಕಿನ ಮುಂದೆ ನಿಂತರೆ, ಹಿಂದಿನ ಸಾಲಿನಿಂದ ಯಾರೋ ಸಣ್ಣ ಧ್ವನಿಯಲ್ಲಿ, ಸರ್ಕೊಳ್ರಪ್ಪಾ ಎಂದರು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರ ಪಕ್ಷದ ದೊಡ್ಡವರು ಫೋನು ಮಾಡಿ, ಏನಯ್ಯ, ಊಟ ಅಜ್ಜಿಗೋ ನಿನಗೋ ಎಂದು ಕೇಳಿದರಂತೆ. ಅಳುವ ಮಗಳನ್ನು ತಡೆದುಕೊಂಡಿದ್ದ ಮನುಷ್ಯ ಇದನ್ನು ತಡೆದುಕೊಳ್ಳಲಿಲ್ಲ. ಬಾಲ ಮುದುರಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

"ಆ ವಿಡಿಯೊ ತೆಗೆದುಬಿಡಮ್ಮ," ಎಂದರು.

"ಮೂಲ ಕೊಡಿ."

ಫೋನು ಅವರ ಜೇಬಿನಲ್ಲೇ ಇತ್ತು. ಮೂಲ ವಿಡಿಯೊ ಫೋನಿನಲ್ಲೇ ಇತ್ತು. ಹುಡುಕಬೇಕಾಗಿಯೇ ಇರಲಿಲ್ಲ. ತಾರಾಮಣಿ ಅದನ್ನು ತನ್ನ ಫೋನಿಗೆ ತೆಗೆದುಕೊಂಡಳು. ಅಧ್ಯಕ್ಷರು ದನಿ ತಗ್ಗಿಸಿ, "ಆ ಹೊಟ್ಟೆಯಿಂದ ಮಾತಾಡಿಸೋದು ಹೆಂಗೆ ಮಾಡ್ದೆ? ಮುಂದಿನ ಚುನಾವಣೆಗೆ ಒಂದು ಮಾಡ್ಕೊಡು. ನನ್ನ ಸಾಧನೆಗಳು ಬರಲಿ," ಎಂದರು. ನಾನು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟೆ, ಅದು ಕೈಯಲ್ಲಿರುವುದು ಆಗ ಒಳ್ಳೆಯದಾಗಿರಲಿಲ್ಲ.

ಇವತ್ತು ಅಜ್ಜಿ ಹೊರಗೆ ಬರುತ್ತಾಳೆ ಎಂಬ ಸುದ್ದಿ ಹೇಗೋ ಹಬ್ಬಿ ಗೇಟಿನ ಮುಂದೆ ಜನ ಕಿಕ್ಕಿರಿದರು. ಮೂಲ ವಿಡಿಯೊವನ್ನು ಜನ ನೋಡಿದರಷ್ಟೇ ಕೆಲಸವಾಗುವುದು, ಆದ್ದರಿಂದ ಅವರು ಬೇಕಾಗಿತ್ತು. ತಾರಾಮಣಿ ವಿಡಿಯೊ ಬಿಟ್ಟಳು. ಎಲ್ಲರೂ ತಲೆ ಬಗ್ಗಿಸಿ ಫೋನು ನೋಡತೊಡಗಿದರು. ನಾನೊಬ್ಬ ನೇರವಾಗಿ ನೋಡುತ್ತಿದ್ದೆ. ಬಲಗಡೆಯ ಅಧ್ಯಕ್ಷರು ಮೊದಲು ತೆಳ್ಳಗಾದರು, ಆಮೇಲೆ ಎಡಗಡೆಯವರು. ನಡುವಿನವರು ಸ್ವಲ್ಪ ಹಟ ಮಾಡಿ, ಕೈಮುಗಿದುಕೊಂಡೇ ಕರಗಿದರು. ಗಾಡಿ ಕಾಣಿಸಿತು. ಗಾಡಿಯ ಕೆಳಗೆ ನೆಲದ ಮೇಲೆ, ಖಾಲಿ ನೀರಿನ ಕೊಡಕ್ಕೆ ಒರಗಿಕೊಂಡು ಚೆನ್ನಾಜಮ್ಮ ಕೂತಿದ್ದಳು. ಅರ್ಧ ಸವೆದುಹೋಗಿದ್ದಳು. ಕೈಯಲ್ಲಿ ಜಾಲರಿ ಸೌಟು ಹಾಗೆಯೇ ಇತ್ತು.

ಜನ ಚಪ್ಪಾಳೆ ಹೊಡೆದರು. ಬರುವುದು ಸ್ವಲ್ಪ ನಿಧಾನವಾಯಿತು, ಆದರೂ ಚೆನ್ನಾಗಿತ್ತು ಎಂದು ಯಾರೋ ಹೇಳಿದರು.

ತಾರಾಮಣಿ ಗಾಡಿಯ ಕೆಳಗೆ ತೂರಿ ತಾಯಿಯನ್ನು ಅಪ್ಪಿಕೊಂಡಳು. ಈ ಸಲ ತೋಳಿಗೆ ಮೈ ಸಿಕ್ಕಿತು. ನಾನು ನೀರು ತಂದುಕೊಟ್ಟೆ. ಚೆನ್ನಾಜಮ್ಮ ಗುಟುಕು ಗುಟುಕಾಗಿ ಕುಡಿದು, ಸುತ್ತ ನೆರೆದಿದ್ದ ಅಷ್ಟೂ ಜನರನ್ನು ಒಂದು ಸಲ ನೋಡಿದಳು. ಎಲ್ಲರೂ ದಿನಾ ಅವಳ ಬಜ್ಜಿ ತಿಂದವರೇ. ಆಮೇಲೆ ಮಗಳ ಕಡೆ ತಿರುಗಿದಳು.

"ಅಷ್ಟು ಕೂಗ್ದೆನಲ್ಲೇ ಮಗಾ," ಎಂದಳು. ಧ್ವನಿ ಪೂರಾ ಹೋಗಿತ್ತು. "ಒಬ್ರಿಗೂ ಕೇಳಿಸ್ಲಿಲ್ವಾ?"

ತಾರಾಮಣಿ ತಾಯಿಯ ಕೈಯಿಂದ ಸೌಟು ಬಿಡಿಸಿ ಪಕ್ಕಕ್ಕಿಟ್ಟಳು.

"ಎಲ್ರಿಗೂ ಕೇಳಿಸ್ತು ಕಣವ್ವ," ಎಂದಳು. "ತುಂಬಾ ಚೆನ್ನಾಗಿದೆ ಅಂದ್ರು."